ಉಡಿಯಿಂದ ಪುತಳಿ ತೆಗೆದವಳು

ರೋಣದ ಚನ್ನವ್ವನನ್ನು ಸುತ್ತಲ ಸೀಮೆಯ ಹೆಂಗಸರು ಅವಳ ಕಡೆಗಾಲದವರೆಗೂ ಹೆಸರು ಹಿಡಿದು ಕರೆಯಲಿಲ್ಲ. ‘ಉಡಿಯಾಗಿಂದು ತಗದಾಕಿ’ ಎಂದೇ ಕರೆದರು. ಅವಳು ತೆಗೆದದ್ದು ಒಂದು ಬಂಗಾರದ ನಾಣ್ಯ. ತೆಗೆದು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಅದು ಯಾರದೋ ಅವರಿಗೇ ಮರಳಿಸಿದಳು. ಕದ್ದವರ ಹೆಸರನ್ನು ಊರು ಬೇಗ ಮರೆಯುತ್ತದೆ. ಮರಳಿಸಿದವಳಿಗೆ ಅಂಟಿಸಿದ ಹೆಸರನ್ನು ಮರೆಯಲಿಲ್ಲ.

ಕಂಪನಿ ಸರಕಾರವು ೧೮೫೩ರಿಂದ ತನ್ನ ಖಜಾನೆಗಳಲ್ಲಿ ಬಂಗಾರದ ನಾಣ್ಯವನ್ನು ಸ್ವೀಕರಿಸುವುದಿಲ್ಲವೆಂದು ಸಾರಿತು. ಗಜೇಂದ್ರಗಡದ ನಾಣ್ಯದ ವ್ಯಾಪಾರಿಗಳ ಗಂಟುಗಳಲ್ಲಿ ಹೊನ್ನು, ಪುತಳಿಗಳು ಹಾಗೆಯೇ ಉಳಿದವು. ಕಂದಾಯಕ್ಕೆ ನಡೆಯದ ನಾಣ್ಯವನ್ನು ಗಂಡಸರು ಕೊಳ್ಳಲೊಲ್ಲರು. ಹಾಗಿದ್ದರೆ ಹೆಂಗಸರು ಕೊಳ್ಳಲಿ ಎಂದು ವ್ಯಾಪಾರಿಗಳು ನಿಶ್ಚಯಿಸಿದರು. ಪುತಳಿಯೆಂದರೆ ಕಡಲಾಚೆಯ ದೇಶದಿಂದ ಬಂದ ತೆಳುವಾದ ನಾಣ್ಯ; ಮೈಮೇಲೆ ಗೊಂಬೆಯಂಥ ಆಕೃತಿಗಳಿರುವುದರಿಂದ ಆ ಹೆಸರು ಬಂದಿತು. ಕೊಂಡಿ ಬೆಸೆದು ಪೋಣಿಸಿದರೆ ಕೊರಳಿಗೆ ಸರವಾಗುತ್ತದೆ. ಯಾರೂ ಕರೆಯದಿದ್ದರೂ, ಯಾರೂ ಕೇಳದಿದ್ದರೂ, ರೋಣ, ನರಗುಂದ, ಹೊಳೆಮಣ್ಣೂರುಗಳ ಮನೆಬಾಗಿಲಿಗೆ ಈ ಪುತಳಿಗಳು ಬರತೊಡಗಿದವು.

ಬಂದ ವ್ಯಾಪಾರಿಗಳಲ್ಲಿ ಹೆಚ್ಚಿನವರನ್ನು ಹೆಂಗಸರು ಒಂದು ಚೆಂಬು ನೀರು ಕೊಟ್ಟು ಕಳಿಸಿಬಿಡುತ್ತಿದ್ದರು. ಅರ್ಜುನಪ್ಪನನ್ನು ಹಾಗೆ ಕಳಿಸಲಾಗುತ್ತಿರಲಿಲ್ಲ. ಅವನು ತನ್ನ ತಟ್ಟು ಕುದುರೆಯ ಮೇಲೆ ನಾಣ್ಯದ ಚೀಲದ ಜೊತೆಗೆ ಹೆಂಡತಿ ರೇಣವ್ವನನ್ನೂ ಕೂರಿಸಿಕೊಂಡು ಬರುತ್ತಿದ್ದನು. ಮಂಗಳವಾರ ಇಲ್ಲವೆ ಶುಕ್ರವಾರ, ಹೆಂಗಸರು ಹೊಸ್ತಿಲು ತೊಳೆದು ಕುಂಕುಮವಿಟ್ಟ ಹೊತ್ತಿಗೆ ಸರಿಯಾಗಿ ಬರುವನು. ವ್ಯಾಪಾರದ ಒಂದು ಮಾತೂ ಅವನ ಬಾಯಿಂದ ಹೊರಡುತ್ತಿರಲಿಲ್ಲ. ರೇಣವ್ವ ಹರಿವಾಣ ಹಿಡಿದು ಇಳಿಯುವಳು. ಅದರಲ್ಲಿ ಅಕ್ಕಿ, ಅರಿಷಿಣದ ಕೊಂಬು, ಎಲೆ, ಅಡಿಕೆ, ಕುಬಸದ ಖಣ. ‘ಉಡಿ ಹಿಡೀರಿ, ತಂಗಿ’ ಎನ್ನುವಳು. ಒಬ್ಬ ಮುತ್ತೈದೆ ಇನ್ನೊಬ್ಬ ಮುತ್ತೈದೆಗೆ ಹಾಗೆಂದಾಗ ಸೆರಗು ಒಡ್ಡದಿರುವ ಹೆಣ್ಣು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅಕ್ಕಿಯ ಹಿಡಿಯ ಜೊತೆಗೆ ಒಂದು ಪುತಳಿಯೂ ಸೆರಗಿಗೆ ಬೀಳುತ್ತಿತ್ತು.

ಉಡಿಗೆ ಬಿದ್ದದ್ದನ್ನು ಕೊಟ್ಟವರಿಗೆ ಮರಳಿಸಬಾರದು; ಮರಳಿಸಿದರೆ ಮುತ್ತೈದೆತನವನ್ನೇ ಮರಳಿಸಿದಂತೆ ಎಂಬುದು ಎಲ್ಲರೂ ನಂಬಿದ ಮಾತು. ಅರಳೆ ಮಾರಿ ಮನೆಯಲ್ಲಿ ರೂಪಾಯಿ ಕಾಣಿಸಿಕೊಳ್ಳುವ ಕಾಲಕ್ಕೆ ಅರ್ಜುನಪ್ಪ ಒಬ್ಬನೇ ಮತ್ತೆ ಬರುವನು.

“ಉಡಿ ನಮ್ಮ ಮನೀದು, ತಾಯಿ. ಅದಕ್ಕ ರೊಕ್ಕ ಕೇಳಿದ್ರ ನಾಲಿಗಿ ಸೇದೀತು. ಪುತಳಿ ಮಾತ್ರ ವ್ಯಾಪಾರದ್ದು ನೋಡ್ರಿ.”

ಅವನು ಹೇಳುವ ಬೆಲೆ ಗಜೇಂದ್ರಗಡದ ಪೇಟೆಯ ಬೆಲೆಗಿಂತ ಬಹಳ ಮೇಲಿರುತ್ತಿತ್ತು. ಆದರೂ ಗಂಡಸರು ಕೊಟ್ಟರು. ತಮ್ಮದೇ ಆಯುಷ್ಯದ ಮಾತಾದ್ದರಿಂದ ಚೌಕಾಸಿ ಮಾಡಲು ಅವರಿಗೆ ಬಾಯಿ ಬರಲಿಲ್ಲ.

ಚನ್ನವ್ವನ ಗಂಡ ಅಂದಾನೆಪ್ಪನದು ಚಕ್ಕಡಿಯ ಬದುಕು. ಅವರಿವರ ಅರಳೆಯನ್ನೂ ಜೋಳವನ್ನೂ ಹೇರಿಕೊಂಡು ರೋಣದಿಂದ ನರಗುಂದಕ್ಕೂ ಗಜೇಂದ್ರಗಡಕ್ಕೂ ಸಾಗಿಸಿ ಬಂದ ಬಾಡಿಗೆಯಲ್ಲಿ ಮನೆ ನಡೆಯುತ್ತಿತ್ತು. ಹೊಲವಿರಲಿಲ್ಲ. ಒಬ್ಬಳೇ ಮಗಳು ಸಿದ್ದಲಿಂಗವ್ವನನ್ನು ಬೆಳವಣಕಿಯ ಒಕ್ಕಲುಮನೆಗೆ ಕೊಟ್ಟಿದ್ದರು. ಮನೆಯಲ್ಲಿ ಉಳಿದವರು ಗಂಡಹೆಂಡಿರು, ಅತ್ತೆ ಕಳಕವ್ವ, ಮಾವ ಅಜ್ಜಪ್ಪ.

ಮೊದಲನೆಯ ಪುತಳಿ ಬಿದ್ದದ್ದು ಅತ್ತೆಯ ಉಡಿಗೆ. ಬೆಲೆ ಕೇಳಲು ಬಂದಾಗ ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಅಜ್ಜಪ್ಪ ಚಕ್ಕಡಿಯ ಜೋಡಿಯಲ್ಲಿ ಎಡಗಡೆಯ ಎತ್ತನ್ನು ಮಾರಿ ಕೊಟ್ಟನು. ಒಂಟಿ ಎತ್ತಿನ ಪಕ್ಕಕ್ಕೆ ಅಂದಾನೆಪ್ಪ ಬಾಡಿಗೆಯ ಎತ್ತು ಹೂಡಿ, ಸಿಕ್ಕ ಬಾಡಿಗೆಯ ಅರ್ಧವನ್ನು ಎತ್ತಿನವರಿಗೇ ಸುರಿದು, ಬಹಳ ಕಷ್ಟದಿಂದ ಜೋಡಿಯನ್ನು ಮತ್ತೆ ಕೂಡಿಸಿದನು. ಅಷ್ಟರೊಳಗೆ ಅಜ್ಜಪ್ಪ ಮುಪ್ಪಿನಿಂದ ತೀರಿಕೊಂಡನು. ಕಳಕವ್ವನ ಪುತಳಿ ಗಂಟಿನಲ್ಲಿ ಉಳಿಯಿತು, ಮುತ್ತೈದೆತನ ಉಳಿಯಲಿಲ್ಲ. ಇದನ್ನು ಕಂಡೂ ಊರು ಏನನ್ನೂ ಕಲಿಯಲಿಲ್ಲ. ಚನ್ನವ್ವ ಮಾತ್ರ ಕಲಿತಳು.

ಮುಂದಿನ ವರ್ಷ ದೀಪಾವಳಿ ಕಳೆದ ಶುಕ್ರವಾರ ತಟ್ಟು ಅವಳ ಬಾಗಿಲಲ್ಲಿ ನಿಂತಿತು. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಚನ್ನವ್ವನಿಗೆ ಬಂದವರು ಯಾರೆಂದು ಪೂರ್ತಿ ಕಾಣುವ ಮೊದಲೇ ರೇಣವ್ವನ ಮಾತು ಕೇಳಿಸಿತು.

“ಉಡಿ ಹಿಡೀರಿ, ತಂಗಿ. ತವರಮನಿ ಉಡಿ ಅಂತ ತಿಳೀರಿ.”

ಚನ್ನವ್ವನ ಕೈಗಳು ಸೆರಗು ಒಡ್ಡಿದವು. ಬುದ್ಧಿ ಬೇಡವೆನ್ನುವುದರೊಳಗೆ ರೂಢಿ ಹೌದೆಂದಿತ್ತು. ಅಕ್ಕಿ ಬಿತ್ತು, ಎಲೆ ಬಿತ್ತು, ಪುತಳಿಯೂ ಬಿತ್ತು.

ಅವಳು ಕೂಗಾಡಲಿಲ್ಲ. ಹೊಸ್ತಿಲ ಒಳಗೆ ಕುಳಿತು, ಸೆರಗನ್ನು ಮಡಿಲಲ್ಲಿ ಬಿಡಿಸಿ, ಅಕ್ಕಿಯ ನಡುವಿನಿಂದ ನಾಣ್ಯವನ್ನು ಎರಡು ಬೆರಳಿನಿಂದ ಎತ್ತಿ ರೇಣವ್ವನ ಹರಿವಾಣದಲ್ಲಿ ಇಟ್ಟಳು.

“ಅಕ್ಕಿ, ಅರಿಷಿಣ, ಖಣ ಮುಟ್ಟಿದುವು. ಇದು ನಿಮ್ಮದು, ತಗೋರಿ.”

“ಅಯ್ಯ ನಮ್ಮವ್ವಾ!” ರೇಣವ್ವ ಗಲ್ಲದ ಮೇಲೆ ಕೈಯಿಟ್ಟಳು. “ಉಡಿಯಾಗಿಂದು ಯಾರರ ತಗೀತಾರೇನ? ಕುಂಕುಮ ಭಾರ ಆಗೇತೇನ ನಿಮಗ?”

“ಉಡಿ ಅಂದ್ರ ಕೊಟ್ಟದ್ದು. ಕೊಟ್ಟು ರೊಕ್ಕ ಕೇಳಿದ್ರ ಅದು ಉಡಿ ಅಲ್ಲ, ಸಂತಿ.”

ತಟ್ಟುವಿನ ಹಗ್ಗ ಹಿಡಿದು ನಿಂತಿದ್ದ ಅರ್ಜುನಪ್ಪ ಬಹಳ ಮೃದುವಾಗಿ ನಡುವೆ ಬಂದನು. “ಈಗ ರೊಕ್ಕ ಯಾರು ಕೇಳ್ಯಾರ್ರಿ, ತಂಗಿ? ನನ್ನ ಬಾಯಿಂದ ಒಂದು ಮಾತು ಬಂದೈತೇನು?”

“ಬಂದಿಲ್ಲ. ಇನ್ನ ಮುಂದೂ ಬರಂಗಿಲ್ಲ ಅಂತ ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ. ಪುತಳಿ ಇಟಗೋತೀನಿ.”

ಅರ್ಜುನಪ್ಪ ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದನು. ಪಕ್ಕದ ಮನೆಯ ಮಾಬೂಬಿ ಗೋಡೆಯ ಮೇಲಿನಿಂದ ಕತ್ತು ಚಾಚಿ ಎಲ್ಲವನ್ನೂ ನೋಡುತ್ತಿದ್ದಳು.

“ಮುಟ್ಟಪಾ ಅರ್ಜುನಪ್ಪ! ಯಾಕ, ಬಾಯಾಗ ಹಿಟ್ಟು ತುಂಬೇತೇನ? ಚನ್ನಕ್ಕಗ ಬ್ಯಾಡಾದ್ರ ನನ್ನ ಸೆರಗಿಗೆ ಹಾಕು. ನಾ ತಗದು ಕೊಡೂದೂ ಇಲ್ಲ, ರೊಕ್ಕ ಕೊಡೂದೂ ಇಲ್ಲ.”

ಓಣಿಯ ಹೆಂಗಸರು ನಕ್ಕರು. ರೇಣವ್ವ ಪುತಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಟ್ಟು ಹತ್ತಿದಳು. ಆ ದಿನ ಆ ಓಣಿಯಲ್ಲಿ ಅವಳು ಇನ್ನಾರ ಉಡಿಯನ್ನೂ ತುಂಬಲಿಲ್ಲ. ನಕ್ಕ ಹೆಂಗಸರೆಲ್ಲರ ಗಂಟೂ ಆ ವರ್ಷ ಉಳಿಯಿತೆಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಮುಂದೆ ಅವರಾರೂ ಅದನ್ನು ಹೇಳಲಿಲ್ಲ.

ಕಳಕವ್ವ ಮಾತ್ರ ಒಳಗೆ ಗೋಡೆಗೆ ತಲೆಯಿಟ್ಟು ಅಳುತ್ತಿದ್ದಳು. “ನನ್ನ ಮಗನ್ನ ಹರಿವಾಣದಾಗ ಇಟ್ಟು ಕಳಿಸಿದ್ಯಲ್ಲ, ಮೂಳಿ!”

“ಅತ್ತೀ, ನೀವು ಇಟಗೊಂಡ್ರಿ. ಮಾವಾರು ಉಳದ್ರೇನು?”

ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು ಯಾವ ಅತ್ತೆಯೂ ಮನ್ನಿಸುವುದಿಲ್ಲ.

ಸಂಜೆ ಚಕ್ಕಡಿ ಬಿಟ್ಟು ಬಂದ ಅಂದಾನೆಪ್ಪ ಎಲ್ಲವನ್ನೂ ತಾಯಿಯಿಂದ ಒಮ್ಮೆ, ಹೆಂಡತಿಯಿಂದ ಒಮ್ಮೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕನು.

“ಅಲ್ಲಲೇ, ಅರ್ಜುನಪ್ಪಗ ಲಿಂಗ ಮುಟ್ಟು ಅಂದ್ಯೇನ? ಅವ ಕೊಳ್ಳಿ ಬೇಕಾದ್ರ ಮುಟ್ಯಾನು!” ಆಮೇಲೆ ದನಿ ತಗ್ಗಿಸಿ, “ಖರೇ ಹೇಳು, ಅಂಜಿಕಿ ಬರಲಿಲ್ಲೇನ?” ಎಂದನು.

“ಬಂತು. ಎತ್ತು ಹೋಗ್ತಾವಂತ ಅಂಜಿಕಿ ಬಂತು.”

“ಎತ್ತಿಂದು ಅಂಜಿಕಿ. ನಂದು ಇಲ್ಲ?”

ಅದು ನಗೆಯ ಮಾತು. ಚನ್ನವ್ವ ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.

ಒಂದು ವರ್ಷ ಕಳೆಯಿತು. ಜೋಡಿ ಎತ್ತುಗಳಿಂದ ಮನೆಗೆ ಎರಡು ಹೊತ್ತಿನ ರೊಟ್ಟಿ ನಿಶ್ಚಿಂತೆಯಾಗಿ ಬಂದಿತು. ಅದರ ಮರುವರ್ಷದ ಬೇಸಿಗೆಯಲ್ಲಿ ನರಗುಂದದ ಪೇಟೆಯಲ್ಲಿ ವಾಂತಿಭೇದಿ ಹಬ್ಬಿತು. ಅಂದಾನೆಪ್ಪ ಅರಳೆ ಇಳಿಸಿ, ಅಲ್ಲಿಯ ಬಾವಿಯ ನೀರು ಕುಡಿದನು. ಜೊತೆಗೆ ತನ್ನ ಚಕ್ಕಡಿ ಹೊಡೆದುಕೊಂಡು ಹೋಗಿದ್ದ ಮಾಬೂಬಿಯ ಗಂಡ ರಮಜಾನಸಾಬ ಅವನನ್ನು ಅವನದೇ ಚಕ್ಕಡಿಯಲ್ಲಿ ಮಲಗಿಸಿಕೊಂಡು ರೋಣಕ್ಕೆ ತಂದನು. ಊರ ಮುಂದಿನ ಕೆರೆಯ ಹತ್ತಿರ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅದೇ ಬಾವಿಯ ನೀರು ಕುಡಿದು ಆ ವಾರ ನರಗುಂದದಲ್ಲಿ ಸತ್ತ ಗಂಡಸರಿಗೆ ಲೆಕ್ಕವಿರಲಿಲ್ಲ. ಅವರ ಹೆಂಡಂದಿರ ಕೊರಳಲ್ಲಿ ಎಷ್ಟು ಪುತಳಿಗಳಿದ್ದವೆಂದು ಯಾರೂ ಕೇಳಲಿಲ್ಲ.

ಹೆಣದ ಮುಂದೆ ಕಳಕವ್ವ ಹಾಡಿಕೊಂಡು ಅತ್ತಳು. ಸತ್ತವನ ಗುಣಗಳನ್ನು ಒಂದೊಂದಾಗಿ ಎತ್ತಿ ಅಳುವುದು ಅಲ್ಲಿಯ ಪದ್ಧತಿ. ಕಳಕವ್ವ ಮಗನ ಗುಣವನ್ನು ಎತ್ತಲಿಲ್ಲ, ಸೊಸೆಯ ಕೈ ಮಾಡಿದ್ದನ್ನು ಎತ್ತಿದಳು.

“ಉಡಿಯಾಗಿಂದು ತಗದಾಳೋ ಮಗನೇ, ನಿನ್ನ ಉಸುರ ತಗದಾಳೋ...”

ಕೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಂದು ಓಣಿಯಲ್ಲಿ ನಕ್ಕಿದ್ದವರೇ ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಸರು ಅಂದೇ ಅಂಟಿತು.

ಚನ್ನವ್ವ ಬಳೆ ತೆಗೆದಳು, ಕುಂಕುಮ ಅಳಿಸಿದಳು. ಆದರೆ ಎತ್ತುಗಳನ್ನು ಮಾರಲಿಲ್ಲ. ಬಾಡಿಗೆಯಲ್ಲಿ ಪಾಲು ಗೊತ್ತುಮಾಡಿ ಚಕ್ಕಡಿಯನ್ನು ರಮಜಾನಸಾಬನ ತಮ್ಮನಿಗೆ ಒಪ್ಪಿಸಿದಳು. ಹೇರು ಹೇರುವಾಗಲೂ ಇಳಿಸುವಾಗಲೂ ತಾನೇ ಮುಂದೆ ನಿಂತಳು. ಆ ಬಾಡಿಗೆಯಿಂದಲೇ ಕಳಕವ್ವನಿಗೂ ರೊಟ್ಟಿ ದೊರೆಯಿತು. ಕಳಕವ್ವ ರೊಟ್ಟಿ ತಿಂದಳು, ಮಾತು ಬಿಟ್ಟಳು.

ಅರ್ಜುನಪ್ಪ ದಂಪತಿಗಳು ಈಗ ರೋಣದ ಆ ಓಣಿಗೆ ಧೈರ್ಯವಾಗಿ ಬಂದರು. ಚನ್ನವ್ವನ ಮನೆಯೊಂದನ್ನು ಬಿಟ್ಟು ಎಲ್ಲ ಮನೆಗಳಲ್ಲೂ ಪುತಳಿ ಬಿದ್ದಿತು. ಆದರೆ ಅವರು ಅವಳ ಗಂಡನ ಸಾವನ್ನು ಎಲ್ಲೆಲ್ಲಿಗೆ ಹೊತ್ತುಕೊಂಡು ಹೋಗಿದ್ದಾರೆಂಬುದು ಅವಳಿಗೆ ತಿಳಿದದ್ದು ಮಾಬೂಬಿ ಹೊಳೆಮಣ್ಣೂರಿನ ತವರಿಗೆ ಹೋಗಿ ಬಂದ ಮೇಲೆ.

“ಚನ್ನಕ್ಕ, ಸಿಟ್ಟಾಗಬ್ಯಾಡ. ರೇಣವ್ವ ಅಲ್ಲಿ ನಿನ್ನ ಕಥಿ ಹೇಳಾಕತ್ತಾಳ. ಹರಿವಾಣದಾಗ ಪುತಳಿ ಇಟ್ಟಿದ್ದು ಶುಕ್ರವಾರಂತ, ಸೋಮವಾರಕ್ಕ ಗಂಡ ಹೋದಂತ. ಕೇಳಿದವರು ತಾವಾಗೇ ಸೆರಗು ಒಡ್ಡತಾರ.”

ಮರುದಿನ ಚನ್ನವ್ವ ಜೋಳದ ಹೇರಿನ ಜೊತೆಗೆ ಗಜೇಂದ್ರಗಡಕ್ಕೆ ಹೋದಳು. ಗುಡ್ಡದ ಕೆಳಗಿನ ಪೇಟೆಯಲ್ಲಿ ಅರ್ಜುನಪ್ಪ ಮನೆಯ ಮುಂದೆ ಹೊಸ ಅಂಗಡಿಕಟ್ಟೆ ಕಟ್ಟಿಸಿದ್ದನು. ಅವಳನ್ನು ಕಂಡು ಎದ್ದು ನಿಂತನು, ಚಾಪೆ ಹಾಸಿಸಿದನು. ಒರಟುತನ ಅವನ ವ್ಯಾಪಾರದಲ್ಲಿ ಇರಲಿಲ್ಲ.

“ನನ್ನ ಗಂಡನ ಸಾವು ಮಾರಿ ತಿನ್ನಾಕತ್ತೀರಿ. ಬಿಡ್ರಿ ಅದನ್ನ.”

“ಸುಳ್ಳು ಏನು ಹೇಳೀವ್ರಿ, ತಾಯಿ? ಪುತಳಿ ತಗದ್ರಿ, ಖರೇ. ಯಜಮಾನ್ರು ಹೋದ್ರು, ಖರೇ. ಎರಡು ಖರೇ ಮಾತು ಮಗ್ಗಲಕ ಮಗ್ಗಲ ಇಟ್ಟೀವಿ, ಅಷ್ಟ.”

“ನಡುವಿನ ವರ್ಷ ಎಲ್ಲಿ ಹೋತು?”

“ಕಥಿ ಉದ್ದಾದ್ರ ಮಂದಿ ನಿಂತು ಕೇಳಂಗಿಲ್ರಿ.”

ಅವನು ನಗಲಿಲ್ಲ, ಅಕ್ಕಿಯ ಧಾರಣೆ ಹೇಳಿದಷ್ಟು ಸಹಜವಾಗಿ ಹೇಳಿದನು. ರೇಣವ್ವ ಒಳಗಿನಿಂದ ಮಜ್ಜಿಗೆಯ ಚೆಂಬು ತಂದಳು. “ಬಿಸಲಾಗ ಬಂದೀರಿ, ಕುಡೀರಿ. ನಿಮ್ಮ ಮ್ಯಾಲ ನಮಗೇನು ಸಿಟ್ಟಿಲ್ಲ.”

ತಪ್ಪು ಮಾಡಿದವರು ಕ್ಷಮಿಸುವುದನ್ನು ಚನ್ನವ್ವ ಅಂದು ಮೊದಲ ಸಲ ಕಂಡಳು. ಮಜ್ಜಿಗೆಯನ್ನು ಮುಟ್ಟದೆ ಎದ್ದಳು.

ಹೊಸ್ತಿಲು ದಾಟುವಾಗ ಅರ್ಜುನಪ್ಪ ಹಿಂದಿನಿಂದ ಒಂದು ಮಾತು ಹೇಳಿದನು. “ಬೆಳವಣಕ್ಯಾಗ ನಿಮ್ಮ ಮಗಳು ಭಾಳ ಚಲೋ ಹೆಣ್ಣುಮಗಳು. ಹಿರೇರ ಕಟ್ಟಳಿ ಮೀರಂಗಿಲ್ಲ.”

ಅದು ೧೮೫೮ನೆಯ ಇಸವಿ. ಆ ವರ್ಷ ನರಗುಂದದ ಕೋಟೆ ಬಿದ್ದಿತ್ತು, ದೊರೆ ಗಲ್ಲಿಗೇರಿದ್ದನು, ಸಂಸ್ಥಾನ ಮುಳುಗಿತ್ತು. ಗೋಣಿಚೀಲದಿಂದ ತೆಗೆದ ಪುತಳಿಗೂ ಈಗ ‘ನರಗುಂದದ ವಾಡೇದ ಪುತಳಿ’ ಎಂಬ ಬಿರುದು ಬಂದು ಬೆಲೆ ಮತ್ತೂ ಏರಿತ್ತು. ಅರಮನೆಯ ಮುತ್ತೈದೆಯರು ಮುಟ್ಟಿದ್ದೆಂದು ರೇಣವ್ವ ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದಳು. ಆ ವಾಡೆಯ ಮುತ್ತೈದೆಯರನ್ನು ಪುತಳಿ ಉಳಿಸಿತೇ ಎಂದು ಕೇಳುವ ಬುದ್ಧಿ ಯಾರಿಗೂ ಹುಟ್ಟಲಿಲ್ಲ.

ಚನ್ನವ್ವ ತಾನೇ ಚಕ್ಕಡಿ ಹೊಡೆದುಕೊಂಡು ಬೆಳವಣಕಿಗೆ ಹೋದಾಗ ಸಿದ್ದಲಿಂಗವ್ವ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ಬಗ್ಗಿದಾಗ ಕೊರಳಿನಿಂದ ಎರಡು ಪುತಳಿಗಳು ಜೋತಾಡಿದವು. ತಾಯಿಯನ್ನು ಕಂಡು ಅವುಗಳನ್ನು ಕುಬಸದೊಳಗೆ ಸೇರಿಸಿದಳು.

“ಮುಚ್ಚಬ್ಯಾಡ, ಕಂಡೀನಿ. ರೊಕ್ಕ ಎಲ್ಲಿಂದ ಬಂತು?”

“ಆಕಳ ಮಾರಿ ಕೊಟ್ವಿ.”

“ನಿನ್ನ ಬಾಗಲಾಗ ನಿಂತು ನಿನ್ನ ಅವ್ವನ ಕಥಿ ಹೇಳಿದ್ಲು. ನೀ ಸೆರಗು ಒಡ್ಡಿದಿ.”

“ಆಕಿ ಹೇಳಲಿಲ್ಲ ಯವ್ವಾ. ನಮ್ಮ ಮನಿ ಮುಂದ ಹೇಳೂದು ಬೇಕಾಗಲಿಲ್ಲ.”

ಚನ್ನವ್ವ ಹಿತ್ತಲ ಕಲ್ಲಿನ ಮೇಲೆ ಕುಳಿತಳು. “ನೀ ಅಪ್ಪನ ಮಗಳು. ಅಪ್ಪ ಯಾವ ನೀರು ಕುಡದು ಸತ್ತ ಅಂತ ನಿನಗ ಗೊತ್ತೈತಿ. ಈ ಸೀಮಿ ಎಲ್ಲಾ ನಂಬಲಿ. ನೀ ಒಬ್ಬಾಕಿ ಬ್ಯಾಡ ಅಂದು ತಗದು ಕೊಡು. ಉಡಿಯಾಗಿಂದು ತಗದಾಕಿ ಮಗಳೂ ತಗದ್ಲು, ಆಕಿ ಗಂಡ ಗುಂಡಕಲ್ಲಿನಂಗ ಅದಾನ ಅಂತ ಆದ್ರ ಆ ಕಥಿ ಅಲ್ಲೇ ಸಾಯ್ತೈತಿ. ನಾ ಮತ್ತೇನೂ ಕೇಳಿಲ್ಲ ನಿನ್ನ.”

ಸಿದ್ದಲಿಂಗವ್ವ ಸೆಗಣಿಯ ಕೈಯನ್ನು ಬಹಳ ಹೊತ್ತು ಒರೆಸಿದಳು.

“ಯವ್ವಾ, ನಿಂದೇ ಖರೇ ಇರಬಹುದು. ಅಲ್ಲದಿದ್ರ?”

“ಅಲ್ಲದಿದ್ರ?”

“ಅಲ್ಲದಿದ್ರ ಹೋಗೂದು ನನ್ನ ಗಂಡ. ನಿನ್ನ ಮಾತು ಗೆಲ್ಲಾಕ ಅವನ್ನ ಹ್ಯಾಂಗ ಪಣಕ್ಕ ಹಚ್ಚಲಿ?”

ಅಳಿಯ ಗುರುಸಂಗಪ್ಪ ಕೆಟ್ಟವನಲ್ಲ. ಅತ್ತೆ ಬಂದದ್ದು ತಿಳಿದು ಹೊಲದಿಂದ ಎಳೆಗಡಲೆ ತಂದನು, “ಇರ್ರಿ ನಾಕು ದಿನ” ಎಂದನು. ಪುತಳಿಯ ಮಾತು ಬಂದಾಗ, “ಹೆಂಗಸ್ರ ಶಾಸ್ತ್ರ, ನಮಗೇನು ತಿಳೀತೈತ್ರಿ” ಎಂದು ಎದ್ದು ಎತ್ತಿಗೆ ಕಣಿಕೆ ಹಾಕಲು ಹೋದನು. ಆಯುಷ್ಯ ಅವನದು, ಅಂಜಿಕೆ ಹೆಂಡತಿಯದು. ಈ ಹಂಚಿಕೆ ಅವನಿಗೆ ಅನುಕೂಲವಾಗಿತ್ತು.

ಆ ವಾರ ತಟ್ಟು ಬೆಳವಣಕಿಗೆ ಬರುವುದೆಂದು ತಿಳಿದು ಚನ್ನವ್ವ ಶುಕ್ರವಾರದವರೆಗೆ ಉಳಿದಳು. ಅಂದು ನಸುಕಿನಲ್ಲೇ ಎದ್ದು ಮಗಳ ಮುಂಬಾಗಿಲ ಕಟ್ಟೆಯ ಮೇಲೆ, ಹೊಸ್ತಿಲಿಗೆ ಅಡ್ಡವಾಗಿ ಕುಳಿತಳು. ಗಂಡ ಸತ್ತವಳು ಎದುರಿಗಿದ್ದರೆ ಉಡಿ ತುಂಬುವುದಿಲ್ಲ. ಆ ಕಟ್ಟಳೆಯಿಂದ ಅವಳು ಎಷ್ಟು ಮನೆಗಳ ಮೂಲೆ ಸೇರಿದ್ದಳೋ; ಒಂದು ದಿನವಾದರೂ ಅದು ತನ್ನ ಕೆಲಸ ಮಾಡಲಿ ಎಂದುಕೊಂಡಳು.

ತಟ್ಟು ಬಂದಿತು. ಇಳಿಯಲು ಕಾಲು ಚಾಚಿದ ರೇಣವ್ವ ಕಟ್ಟೆಯ ಕಡೆ ನೋಡಿ ಕಾಲು ಹಿಂತೆಗೆದಳು. ಹರಿವಾಣದ ಮೇಲೆ ಸೆರಗು ಮುಚ್ಚಿದಳು.

“ಏಳ್ರಿ ತಾಯಿ, ಹಾದಿ ಬಿಡ್ರಿ,” ಎಂದನು ಅರ್ಜುನಪ್ಪ.

“ಹಾದಿ ನನ್ನ ಮಗಳ ಮನೀದು. ಊರ ತುಂಬ ನಂದೇ ಕಥಿ ಹೇಳ್ತೀರಿ, ಇವತ್ತು ನನ್ನ ಮುಂದ ಹೇಳ್ರಿ. ಕೇಳ್ತೀನಿ.”

ಅವನು ಜಗಳವಾಡಲಿಲ್ಲ. ತಟ್ಟುವಿನ ಮುಖವನ್ನು ಓಣಿಯ ಕಡೆ ತಿರುಗಿಸಿದನು. ಗೊರಸಿನ ಸಪ್ಪಳ ದೂರ ಸರಿಯಿತು. ಚನ್ನವ್ವ ಗಂಡ ಸತ್ತ ಮೇಲೆ ಮೊದಲ ಬಾರಿಗೆ ಬೆನ್ನನ್ನು ಗೋಡೆಗೆ ಆನಿಸಿ ಕುಳಿತಳು.

ಸಪ್ಪಳ ನಿಂತದ್ದು ಮನೆಯ ಹಿಂದೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದನ್ನು ಅವಳೇ ಬೆಳಿಗ್ಗೆ ನೋಡಿದ್ದಳು. ಹೊರಗಿನವರು ತೆಗೆಯಲು ಬರುವಂತಿರಲಿಲ್ಲ. ಅಗುಳಿ ಸರಿದ ಸದ್ದು ಕೇಳಿತು. ಬಳೆಗಳ ಸದ್ದು ಕೇಳಿತು. ಆಮೇಲೆ, ತಗ್ಗಿದ ದನಿಯಲ್ಲಿ, “ಉಡಿ ಹಿಡೀರಿ, ತಂಗಿ.”

ಚನ್ನವ್ವ ಎದ್ದು ಚಕ್ಕಡಿಯ ಹತ್ತಿರ ಹೋಗಿ ತಾನೇ ಎತ್ತುಗಳ ಕೊರಳಿಗೆ ನೊಗ ಏರಿಸಿದಳು. ಮುಂಬಾಗಿಲಲ್ಲಿ ಸಿದ್ದಲಿಂಗವ್ವ ಬಂದು ನಿಂತಳು. ಸೆರಗಿನ ಗಂಟನ್ನು ಎರಡೂ ಕೈಗಳಿಂದ ಹೊಟ್ಟೆಗೆ ಒತ್ತಿಕೊಂಡಿದ್ದಳು.

“ಯವ್ವಾ, ಉಂಡು ಹೋಗ.”

“ನಿನ್ನ ಗಂಡ ನೂರು ವರ್ಷ ಬಾಳಲಿ,” ಎಂದಳು ಚನ್ನವ್ವ. ಅದು ಶಾಪವಲ್ಲ, ನಿಜವಾದ ಹರಕೆ. “ಅವ ಬಾಳಿದ್ದಕ್ಕ ಕಾರಣ ಏನಂತ ಮಾತ್ರ ನನ್ನ ಕೇಳಬ್ಯಾಡ.”

ಆಮೇಲೆ ಅವಳು ಬೆಳವಣಕಿಯ ಹಾದಿ ಹಿಡಿಯಲಿಲ್ಲ. ಚಕ್ಕಡಿ ನಡೆಸಿದಳು, ಅತ್ತೆಯ ಮಣ್ಣು ಮಾಡಿದಳು, ಯಾರ ಬಾಗಿಲಲ್ಲೂ ಕೈ ಚಾಚಲಿಲ್ಲ. ಗುರುಸಂಗಪ್ಪ ಗಟ್ಟಿಮುಟ್ಟಾಗಿ ಬಹುಕಾಲ ಬಾಳಿದನು. ರೇಣವ್ವ ಅದನ್ನೂ ಕಥೆಗೆ ಸೇರಿಸಿಕೊಂಡಳು.